ಅತ್ತೆ ಕಂಪ್ಯೂಟರ್ ಆರಿಸಿದ್ದು

ನಮ್ಮ ಸೋದರತ್ತೆಗೆ ಸಲಹೆ ಕೊಡಬಲ್ಲವರು ಹಾವೇರಿ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಸಲಹೆ ಕೇಳುವ ಚಟ ಮಾತ್ರ ಅವಳಿಗೆ ವಿಪರೀತ. ಕೇಳುವುದು ನನ್ನನ್ನು, ನಂಬುವುದು ಬೇರೆಯವರನ್ನು. ಇದನ್ನು ಯಾವ ಮನುಷ್ಯ ಸಹಿಸಿಯಾನು?

ನಾನು ಹಾವೇರಿಯಲ್ಲಿ ಹನ್ನೆರಡು ವರ್ಷಗಳಿಂದ ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ಬ್ಯಾಡಗಿಯಲ್ಲಿ ಗಣಿತದ ಟೀಚರಾಗಿ ನಿವೃತ್ತಳಾದ ಅತ್ತೆ ಒಂದು ದಿನ ಫೋನ್ ಮಾಡಿ, ವಿಡಿಯೋ ಎಡಿಟ್ ಮಾಡಲು ಕಂಪ್ಯೂಟರ್ ಬೇಕು, ಒಳಗೆ ಏನೇನಿರಬೇಕು ಬರೆದುಕೊಡು ಎಂದಳು. ಯಾತಕ್ಕೆ ಎಂದರೆ, ‘ನಿನಗ್ಯಾಕ?’ ಅಂದಳು. ಆದರೂ ಪ್ರೊಸೆಸರ್, ಮೂವತ್ತೆರಡು ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎಂದು ಶ್ರದ್ಧೆಯಿಂದ ಪಟ್ಟಿ ಬರೆದು ಕಳಿಸಿದೆ. ವಾರದ ಮೇಲೆ ಅದು ಕೆಂಪು ಶಾಯಿಯಲ್ಲಿ ತಿದ್ದಿಸಿಕೊಂಡು ಮರಳಿ ಬಂತು. ತಿದ್ದಿದವರು ಯಾರು? ಅವಳ ರವಿಕೆ ಹೊಲಿಯುವ ದರ್ಜಿ ಮತ್ತು ಪಕ್ಕದ ಮನೆಯ ಹೋಮಿಯೋಪಥಿ ಡಾಕ್ಟರು! ಡಾಕ್ಟರು ರ‍್ಯಾಮನ್ನು ಎಂಟಕ್ಕೆ ಇಳಿಸಿದ್ದರು. ಅವರ ಶಾಸ್ತ್ರದಲ್ಲಿ ಕಡಿಮೆ ಹಾಕಿದಷ್ಟೂ ಗುಣ ಹೆಚ್ಚಂತೆ.

ಸಿಟ್ಟು ನುಂಗಿಕೊಂಡು ಅವಳನ್ನು ರಾಣೆಬೆನ್ನೂರಿನ ಅಂಗಡಿಗೆ ಕರೆದೊಯ್ದೆ. ಅವಳು ಚೀಲದಿಂದ ಪೆನ್‌ಡ್ರೈವ್ ತೆಗೆದು, ತಾನು ಫೋನಿನಲ್ಲಿ ತೆಗೆದ ವಿಡಿಯೋ ಹಾಕಿ ತೋರಿಸಿರೆಂದಳು. ತೆರೆಯ ತುಂಬ ನಮ್ಮ ಬಂಧುಗಳ ಬಾಯಿ! ಕಣ್ಣಿಲ್ಲ, ಹಣೆಯಿಲ್ಲ, ಮೂಗಿನಿಂದ ಗದ್ದದವರೆಗೆ ಅಷ್ಟೇ. ಎಲೆಯಡಿಕೆ ಮೆಲ್ಲುವ ನಮ್ಮ ಕಾಕಾನ ಹಲ್ಲುಗಳು ದೊಡ್ಡ ಮಾನಿಟರ್ ಮೇಲೆ ಕೆಂಪಗೆ ಮೆರೆದವು. ನನ್ನ ಪರಿಚಯವಿದ್ದ ಅಂಗಡಿಯವನು ಮೆಲ್ಲಗೆ, ‘ಶೂಟಿಂಗ್ ನಿಮ್ಮದೇನ್ರಿ ಸರ?’ ಎಂದ. ನನ್ನ ಹನ್ನೆರಡು ವರ್ಷದ ಮರ್ಯಾದೆ ಅಲ್ಲೇ ಮಣ್ಣುಪಾಲಾಯಿತು.

ಅತ್ತೆ ವಿಡಿಯೋವನ್ನು ನಿಧಾನ ಮಾಡಿಸಿ, ಹಿಂದೆ ಮುಂದೆ ಎಳೆಸಿ, ತುಟಿ ತುಸು ತಡವರಿಸಿದರೂ ಇದು ಬೇಡವೆನ್ನುತ್ತಿದ್ದಳು. ಮೂರು ಕಂಪ್ಯೂಟರ್ ನಪಾಸಾದವು. ನನ್ನ ಮಧ್ಯಾಹ್ನದ ಊಟ ತಪ್ಪಿತು. ನಾಲ್ಕನೆಯದು ಪಾಸಾಯಿತು. ಅದರೊಳಗೆ ಇದ್ದದ್ದೇನು? ನನ್ನ ಪಟ್ಟಿಯಲ್ಲಿ ಇದ್ದದ್ದೇ, ಅಕ್ಷರಶಃ! ‘ಡಾಕ್ಟರನ್ನ ಕೇಳಿದ್ದಕ್ಕ ಇದರ ಗುಣ ಗೊತ್ತಾತು ನೋಡು’ ಎಂದಳು. ಬಸ್ಸಿನಲ್ಲಿ ಮಾನಿಟರಿಗೆ ಕಿಟಕಿ ಪಕ್ಕದ ಸೀಟು. ನಾನು ಬ್ಯಾಡಗಿಯವರೆಗೂ ನಿಂತೆ.

ಹದಿನೈದು ದಿನದ ಮೇಲೆ ಮತ್ತೆ ಫೋನ್. ಕಂಪ್ಯೂಟರನ್ನು ಕರ್ಜಗಿಗೆ ಸಾಗಿಸಿದ್ದಾಳೆ, ನಾನು ಹೋಗಿ ಕೇಬಲ್ ಜೋಡಿಸಬೇಕಂತೆ. ನಾನೇನು ಇವಳ ಆಳೇ ಎಂದು ಗೊಣಗುತ್ತಲೇ ಹೋದೆ.

ಕರ್ಜಗಿಯಲ್ಲಿರುವುದು ಅವಳ ಅಕ್ಕ, ನಮ್ಮ ದೊಡ್ಡತ್ತೆ. ಎರಡು ವರ್ಷದ ಹಿಂದೆ ಜ್ವರ ಬಂದು ಅವಳ ಕಿವಿ ಪೂರ್ತಿ ಹೋಯಿತು. ಓದು ಬಾರದವಳಿಗೆ ಬರೆದು ತೋರಿಸುವಂತಿಲ್ಲ. ನಾವೆಲ್ಲ ಒಂದು ಮಾತನ್ನು ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಏನಿಲ್ಲ ಬಿಡು ಎಂದು ಕೈಯಾಡಿಸಿಬಿಡುತ್ತಿದ್ದೆವು.

‘ಮಂದಿಗೆ ಬ್ಯಾಸರ ಬರತೈತಿ, ಇದಕ್ಕ ಬರೂದಿಲ್ಲ,’ ಎಂದಳು ಅತ್ತೆ, ಕಂಪ್ಯೂಟರ್ ಸವರುತ್ತ. ‘ನೂರು ಸಲ ಹೇಳತೈತಿ. ಆಕಿ ತುಟಿ ನೋಡಿ ಕಲೀತಾಳ.’

ತೆರೆಯ ಮೇಲೆ ಕಾಕಾ ನಿಧಾನವಾಗಿ ಏನೋ ಹೇಳಿದ. ದೊಡ್ಡತ್ತೆ ಮೂರು ಸಲ ನೋಡಿದಳು. ನಾಲ್ಕನೆಯ ಸಲ ನಕ್ಕುಬಿಟ್ಟು, ‘ರೊಟ್ಟಿ ಬಡಿಯೂದು ಮರತೀಯೇನ ಅಂತಾನ’ ಎಂದಳು. ಹೀಗೆ ಒಬ್ಬೊಬ್ಬರಾಗಿ ಎಲ್ಲರೂ ಅವಳೊಡನೆ ಮಾತಾಡಿದರು. ಮುಗಿದ ಮೇಲೆ ನನ್ನತ್ತ ತಿರುಗಿದಳು.

‘ಎಲ್ಲಾರೂ ಅದಾರ. ನೀ ಒಬ್ಬಾಂವ ಏನೂ ಅಂದಿಲ್ಲಲ್ಲೋ.’

ಅವಳೆದುರು ಕುಳಿತೆ. ಮುಖವನ್ನು ಬಾಗಿಲಿನ ಬೆಳಕಿಗೆ ತಿರುಗಿಸಿ, ಒಂದೊಂದೇ ಅಕ್ಷರ ಬಿಡಿಸಿ, ಊಟ ಆಯಿತೇ ಎಂದು ಕೇಳಿದೆ. ತಿಳಿಯಲಿಲ್ಲ. ಮತ್ತೆ ಕೇಳಿದೆ. ಮತ್ತೆ. ಐದನೆಯ ಸಲಕ್ಕೆ ಅವಳ ಕಣ್ಣು ಅರಳಿತು.

‘ಇಲ್ಲೋ,’ ಎಂದಳು. ‘ನೀ ಬರ್ತೀ ಅಂತ ಕಾಯಾಕತ್ತೇನಿ.’