ಫಾರ್ಮು ಬೇಕಾ ಎಂದು ಒಂದೇ ಸಲ ಕೇಳಿದರು

ಬೇಡ ಎನ್ನುವುದು ನನಗೆ ಹುಟ್ಟಿನಿಂದ ಬಂದ ಕಾಯಿಲೆ; ರಕ್ತದೊತ್ತಡ ಆಮೇಲೆ ಬಂದದ್ದು. ನಮ್ಮ ಧಾರವಾಡದ ಕಡೆ ಯಾರ ಮನೆಗೆ ಹೋದರೂ, ಚಹಾ ತರಲೇ ಎಂದ ಕೂಡಲೇ 'ಬ್ಯಾಡ್ರಿ, ಈಗರ ಕುಡದ ಬಂದೀನಿ' ಎನ್ನಬೇಕು. ಅದು ಸುಳ್ಳೆಂದು ಮನೆಯವರಿಗೂ ಗೊತ್ತು. ಅವರು 'ಏ, ಅರ್ಧಾ ಕಪ್ ಕುಡೀರಿ, ಏನಾಗೂದಿಲ್ಲ' ಎಂದು ಇನ್ನೊಮ್ಮೆ ಒತ್ತಾಯ ಮಾಡುತ್ತಾರೆ. ಆಗ ನಾವು, ಅವರ ಮನಸ್ಸು ನೋಯಬಾರದಲ್ಲ ಎಂಬ ಮುಖ ಮಾಡಿಕೊಂಡು ಪೂರ್ತಿ ಕಪ್ ಕುಡಿಯುತ್ತೇವೆ. ಮೊದಲ ಸಲಕ್ಕೇ ಹೂಂ ಎಂದವನು ಆಸೆಬುರುಕ. ಈ ಶಿಸ್ತನ್ನು ನಾನು ಪಾಸ್‌ಪೋರ್ಟಿನ ಜೊತೆಗೇ ಟೊರಾಂಟೊಕ್ಕೆ ತಂದಿದ್ದೆ.

ತೊಂಬತ್ತರ ದಶಕದ ಕೊನೆಯ ಮಾತು. ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ನಾನು ಮತ್ತು ನನ್ನ ಹೆಂಡತಿ ಶಾಂತಾ. ಊರಲ್ಲಿ ಎಂಜಿನಿಯರ್ ಸಾಹೇಬ ಅನ್ನಿಸಿಕೊಂಡಿದ್ದ ನಾನು ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಡಬ್ಬಗಳಿಗೆ ಲೇಬಲ್ ಹಚ್ಚುತ್ತಿದ್ದೆ. ಏಜೆನ್ಸಿಯ ಕೆಲಸ, ಔಷಧಿಯ ಇನ್ಶೂರೆನ್ಸ್ ಎಂಬುದು ಇಲ್ಲ. ಈ ದೇಶದಲ್ಲಿ ಡಾಕ್ಟರಿಗೆ ದುಡ್ಡು ಕೊಡಬೇಕಿಲ್ಲ, ಡಾಕ್ಟರು ಬರೆದ ಗುಳಿಗೆಗೆ ಮಾತ್ರ ಕೊಡಬೇಕು ಎನ್ನುವುದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಮದುವೆಯಾಗಿ ಇಪ್ಪತ್ತೈದು ವರ್ಷಗಳಲ್ಲಿ ನಮ್ಮಿಬ್ಬರಿಗೂ ಹೊಂದಿಕೆಯಾದದ್ದು ರಕ್ತದೊತ್ತಡ ಒಂದೇ. ಇಬ್ಬರಿಗೂ ಅದೇ ಗುಳಿಗೆ. ಊರಿಂದ ಯಾರಾದರೂ ಬರುತ್ತಾರೆಂದರೆ, ಅವರ ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಯ ಪಕ್ಕ ನಮ್ಮ ಗುಳಿಗೆಗಳಿಗೂ ಜಾಗ ಬೇಡುತ್ತಿದ್ದೆವು. ಆ ವರ್ಷ ಯಾರೂ ಬರಲಿಲ್ಲ.

ಹಾಗಾಗಿ ಬಡಾವಣೆಯ ಆರೋಗ್ಯ ಕೇಂದ್ರದ ಕೆಳಗಿದ್ದ ಫಾರ್ಮಸಿಗೆ ಹೋದೆ. ಅಲ್ಲಿದ್ದವರು ಕನ್ನಡಕ ಹಾಕಿದ ಪೋರ್ಚುಗೀಸ್ ಹೆಂಗಸು. ಬೆಲೆ ಕೇಳಿ ನನ್ನ ಮುಖ ಹೇಗಾಯಿತೋ, ಅವರು ಒಂದು ಫಾರ್ಮು ತೆಗೆದರು. ಆದಾಯ ಕಡಿಮೆ, ಔಷಧಿಯ ಖರ್ಚು ಹೆಚ್ಚು ಇರುವ ಮನೆಗಳಿಗೆ ಪ್ರಾಂತ್ಯದ ಸರ್ಕಾರ ನೆರವು ಕೊಡುತ್ತದೆ, ಫಾರ್ಮು ಬೇಕಾ ಎಂದು ಕೇಳಿದರು. ನಾನು ರೂಢಿಯಂತೆ 'ನೋ ನೋ, ವಿ ಆರ್ ಫೈನ್' ಎಂದು ನಕ್ಕು, ಒತ್ತಾಯಕ್ಕಾಗಿ ಕಾದೆ. ಅವರು 'ಓಕೆ' ಎಂದು ಫಾರ್ಮನ್ನು ಡ್ರಾಯರಿಗೆ ಹಾಕಿದರು. ಅಷ್ಟು ಬೇಗ ಮುಚ್ಚಿದ ಡ್ರಾಯರನ್ನು ನಾನು ಬೇರೆಲ್ಲೂ ನೋಡಿಲ್ಲ.

ಇಬ್ಬರ ಚೀಟಿಗಳಲ್ಲಿ ಒಬ್ಬರದಕ್ಕೆ ಮಾತ್ರ ಗುಳಿಗೆ ಕೊಂಡು ಮನೆಗೆ ಬಂದು ಶಾಂತಾಳ ಮುಂದೆ ಹಾರಾಡಿದೆ. 'ಎಂಥಾ ಮಂದಿ ಅದಾರ ನೋಡು. ಇನ್ನೊಂದ್ ಸಲ ಕೇಳಿದ್ರ ಆಕೀದೇನ್ ಗಂಟ್ ಹೋಗತಿತ್ತು?' ಅವಳು ಅಡಕೊತ್ತು ಹಿಡಿದು ಕೂತಿದ್ದಳು. ಅಡಿಕೆಯಲ್ಲ, ಗುಳಿಗೆ ಕತ್ತರಿಸುತ್ತಿದ್ದಳು. 'ನನಗ ಅರ್ಧಾ ಸಾಕ್ರಿ, ಬಿ.ಪಿ. ಇಳದೇತಿ' ಎಂದಳು. 'ಹಂಗಾ? ಛಲೋ ಆತು' ಎಂದು ನಾನು ನನ್ನ ಪೂರ್ತಿ ಗುಳಿಗೆ ನುಂಗಿದೆ.

ಮೂರು ತಿಂಗಳ ಮೇಲೆ, ಒಂದು ಶನಿವಾರ ಬೆಳಿಗ್ಗೆ, ಬಟ್ಟೆ ಒಗೆಯಲು ಬೇಸ್‌ಮೆಂಟಿಗೆ ಇಳಿದವಳು ಬರಲೇ ಇಲ್ಲ. ಹೋಗಿ ನೋಡಿದರೆ ಡ್ರೈಯರಿಗೆ ಒರಗಿ ನೆಲದ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಹಸಿ ಬಟ್ಟೆ. 'ಸುತ್ತೂ ತಿರಗಾಕತ್ತೇತ್ರಿ' ಎಂದಳು. ಅವಳಿಲ್ಲದೆ ಈ ಊರಲ್ಲಿ ನಾನು ಯಾರು ಎಂದು ಮೊದಲ ಸಲ ಹೆದರಿದೆ. ಆರೋಗ್ಯ ಕೇಂದ್ರದ ಡಾಕ್ಟರು ಎರಡೆರಡು ಸಲ ಒತ್ತಡ ನೋಡಿ, ಗುಳಿಗೆ ದಿನಾ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ಶಾಂತಾ 'ಹಾಫ್' ಎಂದಳು. ಹೀಗೇ ಬಿಟ್ಟಿದ್ದರೆ ಲಕ್ವ ಹೊಡೆಯಬಹುದಿತ್ತು ಎಂದು ಹೇಳುವಾಗ ಡಾಕ್ಟರು ಅವಳನ್ನಲ್ಲ, ನನ್ನನ್ನು ನೋಡುತ್ತಿದ್ದರು.

ಕೆಳಗೆ ಫಾರ್ಮಸಿಯಲ್ಲಿ ಅದೇ ಹೆಂಗಸು, ಅದೇ ಪ್ರಶ್ನೆ. ನಂಬುತ್ತೀರೋ ಇಲ್ಲವೋ, ನನ್ನ ಬಾಯಲ್ಲಿ ಆಗಲೂ 'ನೋ ನೋ' ತಯಾರಾಗಿತ್ತು. ಶಾಂತಾ ತನ್ನ ಸ್ನೋ ಬೂಟನ್ನು ನನ್ನ ಬೂಟಿನ ಮೇಲಿಟ್ಟು ಒತ್ತಿ, 'ಯೆಸ್, ಪ್ಲೀಸ್' ಎಂದಳು. ಫಾರ್ಮು ಕೈಗೆ ಬಂತು. ಅಂದು ಇನ್ನೊಮ್ಮೆ ಯಾಕೆ ಕೇಳಲಿಲ್ಲ ಎಂದು ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಅವರಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. 'ಯು ಸೆಡ್ ನೋ' ಎಂದರು. 'ಐ ಬಿಲೀವ್ಡ್ ಯು.'

ಬಸ್ಸಿನಲ್ಲಿ ಕೂತು ಮತ್ತೆ ಶುರುಮಾಡಿದೆ. 'ಏನರ ಅನ್ನು, ಮನಶ್ಯಾ ಅಂದಮ್ಯಾಲೆ ಎರಡ್ ಸಲ ಕೇಳೂ ರೀತಿ ಇರಬೇಕು.'

ಶಾಂತಾ ಕಿಟಕಿಯ ಆಚೆ ನೋಡುತ್ತಿದ್ದಳು. 'ಆಕಿ ಒಂದ್ ಸಲಾನರ ಕೇಳಿದ್ಲು. ನಾ ಅರ್ಧಾ ಸಾಕು ಅಂದಾಗ ಯಾಕ ಅಂತ ನೀವ್ ಒಂದ್ ಸಲಾನೂ ಕೇಳಲಿಲ್ಲ' ಎಂದಳು. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವಳು ಸುಮ್ಮನೆ ಹೇಳಿದಳು.

ಕೆಲವು ವಾರಗಳಲ್ಲಿ ಸರ್ಕಾರದ ಪತ್ರ ಬಂತು. ಅಡಕೊತ್ತು ಅಡಿಕೆಗೆ ಮರಳಿತು. ಅಂದಿನಿಂದ ಪ್ರತಿ ಬೆಳಿಗ್ಗೆ ಗುಳಿಗೆ ತೊಗೊಂಡ್ಯೇನು ಎಂದು ಶಾಂತಾಳನ್ನು ಕೇಳುತ್ತೇನೆ. ಹೂಂ ಎನ್ನುತ್ತಾಳೆ. ಪೂರ್ತಿನಾ ಎಂದು ಇನ್ನೊಮ್ಮೆ ಕೇಳುತ್ತೇನೆ. 'ಎಷ್ಟ್ ಸಲ ಕೇಳ್ತೀರಿ' ಎಂದು ಬೈಯುತ್ತಾಳೆ, ಬೈದರೂ ಕೇಳುತ್ತೇನೆ. ಆಮೇಲೆ ಅವಳು 'ನಿಮ್ಮದಾತೇನು?' ಎನ್ನುತ್ತಾಳೆ, ಒಂದೇ ಸಲ. ಅವಳನ್ನು ಕೇಳುವ ಗಡಿಬಿಡಿಯಲ್ಲಿ ನನ್ನದು ಡಬ್ಬಿಯಲ್ಲೇ ಉಳಿದಿರುತ್ತದೆ.