ಕರಿಯನ ಭಯಕ್ಕೆ ಸಿಕ್ಕ ಮರ್ಯಾದೆ

ಹೆದರುವುದಕ್ಕೂ ಒಂದು ಯೋಗ್ಯತೆ ಬೇಕು, ಮಕ್ಕಳೇ. ಎಲ್ಲರ ಭಯಕ್ಕೂ ಮನೆಯಲ್ಲಿ ಬೆಲೆ ಸಿಗುವುದಿಲ್ಲ. ಇದನ್ನು ನನಗೆ ಕಲಿಸಿದವನು ನಮ್ಮ ನಾಯಿ ಕರಿಯ. ನಾಲ್ಕು ಜನರೆದುರು ಬಾಯಿ ಬಿಡದ ನಿಮ್ಮ ಅಜ್ಜಿ ಇಂಥದ್ದನ್ನೆಲ್ಲ ಬರೆದೇ ಹೇಳಬೇಕು.

ಕೇರಳದ ಗಡಿಯ ಬಾವಲಿ ಊರಿನ ಈ ಕಡೆ ಭತ್ತ ಹಾಲು ತುಂಬುವ ಹೊತ್ತಿಗೆ ಕಾಡಿನಿಂದ ಆನೆ ಇಳಿಯುತ್ತದೆ. ಗಂಡಸರು ಗದ್ದೆ ಅಂಚಿನ ಮರದ ಮೇಲೆ ಅಟ್ಟಣೆ ಕಟ್ಟಿ, ಸಂಜೆಯಾದೊಡನೆ ಪಟಾಕಿ ಹೊಡೆಯುತ್ತಾರೆ. ಅಟ್ಟಣೆಯ ಬುಡದಲ್ಲಿ ಒಂದು ನಾಯಿಯನ್ನು ಕಟ್ಟುವುದು ರೂಢಿ. ಆನೆಯ ವಾಸನೆ ಮೊದಲು ಹತ್ತುವುದು ಅದಕ್ಕೆ. ಹೋದ ವರ್ಷ ನನ್ನ ಮೈದುನ ಚಿಕ್ಕಣ್ಣ ಕರಿಯನನ್ನು ಕಟ್ಟಿದ. ತಲೆಯ ಮೇಲೇ ಪಟಾಕಿ ಸಿಡಿಯಿತು. ಕರಿಯ ಹಗ್ಗ ಕಡಿದುಕೊಂಡು ಓಡಿಬಂದು, ಭತ್ತದ ಕೋಣೆಯಲ್ಲಿ ನಾನು ಮಲಗುವ ಚಾಪೆಯ ಮೇಲೆ ಉಚ್ಚೆ ಹೊಯ್ದುಕೊಂಡು ಕುಳಿತ. ಅಂದಿನಿಂದ ಸದ್ದಾದರೆ ಸಾಕು, ಜೊಲ್ಲು ಸುರಿಸಿ ನಡುಗುತ್ತಿದ್ದ.

"ಇದೊಂದು ಪೇಡಿತ್ತೊಂಡನ್ ಅತ್ತಿಗೆ. ದಿನಾ ಕಟ್ಟಿದ್ರೆ ತಾನೇ ಸರಿ ಆಗ್ತದೆ," ಎಂದ ಚಿಕ್ಕಣ್ಣ. ಹೇಡಿ ಎಂದು ಬೈಯಲು ಅವನಿಗೆ ಮಲಯಾಳವೇ ಆಗಬೇಕು.

ನಿಮ್ಮ ಅಪ್ಪ ಅವನ ಮಾತು ಕೇಳದೆ ನಾಯಿಯನ್ನು ದನದ ಡಾಕ್ಟರ ಬಳಿ ಒಯ್ದ. ಬೈಯಬೇಡಿ, ಬಲವಂತ ಮಾಡಬೇಡಿ, ಸದ್ದಿನ ಹೊತ್ತಿಗೆ ಬಾಗಿಲು ಮುಚ್ಚಿದ ಕೋಣೆಯಲ್ಲಿಡಿ, ಅದು ನಂಬುವ ಒಬ್ಬರು ಪಕ್ಕದಲ್ಲಿ ಸುಮ್ಮನೆ ಕೂರಲಿ, ರುಚಿಯಾದದ್ದೇನಾದರೂ ತಿನ್ನಿಸಿ, ಗುಣವಾಗುವ ತನಕ ಗದ್ದೆಗೆ ಒಯ್ಯಬೇಡಿ ಎಂದರಂತೆ. ಡಾಕ್ಟರು ಹೇಳಿದ ಮೇಲೆ ಮುಗಿಯಿತು. ಮನೆಯಿಡೀ ಪಿಸುಮಾತು. ನಿಮ್ಮ ಅಮ್ಮ ಪಾತ್ರೆಯನ್ನೂ ಮೆಲ್ಲಗೆ ಇಡತೊಡಗಿದಳು.

ನಿಮ್ಮ ಅಜ್ಜ ತೀರಿಕೊಂಡಾಗ ನಾನೂ ನಡುಗಿದ್ದೆ. ಬಾಗಿಲು ಬಡಿದರೆ ಎದೆ ಹಾರುತ್ತಿತ್ತು. ತಿಥಿಗೆ ಬಂದ ನೆಂಟರು, "ಸುಮ್ನೆ ಕೂರಬೇಡ, ಎದ್ದು ಕೆಲಸ ನೋಡು, ಎಲ್ಲ ಮರ್ತು ಹೋಗ್ತದೆ," ಎಂದರು. ಅವರು ಉಂಡ ಎಲೆ ಎತ್ತಿದೆ, ಹಂಡೆ ತಿಕ್ಕಿದೆ. ಸರಿಯಾದಳು ಎಂದು ಅವರೇ ತೀರ್ಮಾನಿಸಿ ಬಸ್ಸು ಹತ್ತಿದರು. ನನ್ನ ಪಕ್ಕ ಸುಮ್ಮನೆ ಕೂರಬೇಕೆಂದು ಯಾವ ಡಾಕ್ಟರೂ ಯಾರಿಗೂ ಹೇಳಲಿಲ್ಲ.

ಕರಿಯನ ಪಕ್ಕ ಕೂರುವ ಕೆಲಸ ನನ್ನದಾಯಿತು. ಈ ಬೆಳೆಯ ಹೊತ್ತಿಗೆ ಅವನು ಎಂಥ ಪಟಾಕಿಗೂ ಒಂದು ಕಿವಿ ಅಲ್ಲಾಡಿಸಿ ಗೊರಕೆ ಹೊಡೆಯುತ್ತಾನೆ. ಆದರೆ ಗುಣವಾದ ಎಂದು ಬಾಯಿ ಬಿಟ್ಟರೆ ಅವನು ಮತ್ತೆ ಅಟ್ಟಣೆಯ ಬುಡಕ್ಕೆ, ನಾನು ಮತ್ತೆ ಒಲೆಯ ಬುಡಕ್ಕೆ. ನಿನ್ನೆ ಸಂಜೆ ಚಿಕ್ಕಣ್ಣ ಹಗ್ಗ ಹಿಡಿದು ಬಂದು ಭತ್ತದ ಕೋಣೆಯ ಬಾಗಿಲ ಹೊರಗೆ ನಿಂತ.

"ಹೆಂಗಿದಾನೆ ಅತ್ತಿಗೆ, ನಿಮ್ಮ ಮಗರಾಯ?"

"ಬಾಗಿಲು ತೆಗೀಬೇಡ. ನಡುಗ್ತಾ ಇದಾನೆ."

"ಇನ್ನೂವಾ? ನಿಮ್ಮ ಜೊತೆ ಕೂತು ಕೂತು ಅವನೂ ನಿಮ್ಮ ಹಾಗೇ ಆದ."

ಗೊಣಗುತ್ತ ಹೋದ. ಸ್ವಲ್ಪ ಹೊತ್ತಿಗೆ ನಿಮ್ಮ ಅಮ್ಮ ಎರಡು ತಟ್ಟೆಗಳನ್ನು ಒಳಗೆ ಸರಿಸಿ ಬಾಗಿಲೆಳೆದುಕೊಂಡಳು. ನನ್ನದರಲ್ಲಿ ಅನ್ನ, ಮಜ್ಜಿಗೆ. ಕರಿಯನದರಲ್ಲಿ ಅನ್ನದ ಮೇಲೆ ಬೇಯಿಸಿದ ಮೊಟ್ಟೆ, ರೋಗಿಗೆಂದು. ರೋಗಿಗೆ ಒಳ್ಳೆಯ ನಿದ್ದೆ. ಅವನಿಗೆ ಎಚ್ಚರವಾಗುವ ಮೊದಲು ಮೊಟ್ಟೆಯನ್ನು ನಾನೇ ತಿಂದೆ. ಹಳದಿಯನ್ನು ಮಾತ್ರ ಅವನಿಗೆ ಬಿಟ್ಟೆ. ಅಷ್ಟೊಂದು ಕೆಟ್ಟವಳಲ್ಲ ನಾನು.