ಗೊಯ್ಯೆನ್ನುವ ಕೋಡುಬಳೆ

ಸಾವಿನ ಮನೆಯಲ್ಲಿ ಹೆಣ್ಣುಮಕ್ಕಳ ಅಳುವಿಗಿಂತ ತನ್ನ ಆಂಪ್ಲಿಫೈಯರೇ ಜೋರಾಗಿ ಅಳುತ್ತಿದೆ ಎಂಬ ದೂರನ್ನು ನಂದೀಶ ಒಂದು ವಾರದಿಂದ ಕೇಳಿಸಿಕೊಳ್ಳುತ್ತಿದ್ದ. ಅವನು ಶಿರಂಗಾಲದ ಮೈಕ್ ಸೆಟ್ಟಿನವನು, ಮೇಲಾಗಿ ಮನೆ ಅಳಿಯ. ಮದುವೆ ಮನೆಗಳೆಲ್ಲ ಡಿಜೆಯವರ ಪಾಲಾದ ಮೇಲೆ ಅವನನ್ನು ಮನುಷ್ಯನೆಂದು ಕಂಡದ್ದು ಮಾವ ತಿಮ್ಮಯ್ಯನವರೊಬ್ಬರೇ. ಈಗ ಅವರೂ ಹೋಗಿಬಿಟ್ಟಿದ್ದರು. (ಆಂಪ್ಲಿಫೈಯರ್ ಮಾತ್ರ ಹೋಗುವ ಲಕ್ಷಣ ಕಾಣಿಸುತ್ತಿಲ್ಲ ಎಂಬುದು ನಾದಿನಿಯ ಅಭಿಪ್ರಾಯ.)

ಹೆಂಡತಿ ಸುಧಾ ಕೇಳಿದ್ದು ಒಂದೇ ಒಂದು. ಅಪ್ಪ ಕಣ್ಣುಮುಚ್ಚುವಾಗ ಅವಳು ಶುಂಠಿ ಹೊಲದಲ್ಲಿದ್ದಳು. ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹದಿನೈದು ವರ್ಷದ ಹಿಂದೆ ನಂದೀಶನೇ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಅಪ್ಪ ಹಾಡಿದ ಪದವೊಂದು, ಯಾರೂ ಒಮ್ಮೆಯೂ ಹಾಕಿ ಕೇಳದೆ, ಟ್ರಂಕಿನಲ್ಲಿತ್ತು.

"ರೀ, ತಿಥಿ ದಿನ ಅಪ್ಪಯ್ಯನ ದನಿ ಒಂದ್ಸಲ ಕೇಳುಸ್ಬುಡಿ. ಇನ್ನೇನೂ ಕೇಳಾಕಿಲ್ಲ ನಿಮ್ಮನ್ನ."

ಮದುವೆಯಾದಾಗಿನಿಂದ ಅವಳು ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ. ನಂದೀಶನಿಗೆ ಹೆದರಿಕೆಯಾಗಿ ಹೂಂ ಅಂದುಬಿಟ್ಟ.

ಕ್ಯಾಸೆಟ್ಟು ಹಾಡಬೇಕಾದರೆ ಟೇಪ್ ಪ್ಲೇಯರ್ ಒಳಗೇ ಇರುವ ಆ ಆಂಪ್ಲಿಫೈಯರೇ ಬೇಕು. ಅದರ ಹೊಟ್ಟೆಯಲ್ಲಿರುವ ಟ್ರಾನ್ಸ್‌ಫಾರ್ಮರು ಎಲ್ಲರ ಮನೆಯ ಚೌಕದ್ದಲ್ಲ. ಆರು ಕಿಲೋ ತೂಕದ, ತಾಮ್ರದ ತಂತಿ ಸುತ್ತಿದ ಮಹಾ ಕೋಡುಬಳೆ. ದುಂಡನೆಯದು ಸದ್ದೇ ಮಾಡುವುದಿಲ್ಲ ಎಂದು ಊರೆಲ್ಲ ಸಾರಿ ಅದನ್ನು ಹಾಕಿಸಿದ್ದ. ಈಗ ಸ್ವಿಚ್ ಒತ್ತಿದರೆ ಸಾಕು, ಗೊಯ್ಯ್ ಎಂದು ಶುರುವಾಗುತ್ತಿತ್ತು. ಮಾವನದು ಮೊದಲೇ ಮೆತ್ತನೆ ಗಂಟಲು. ಕೇಳಿದರೆ ಜೇನುಗೂಡಿನೊಳಗೆ ಯಾರೋ ಕೆಮ್ಮಿದ ಹಾಗಿತ್ತು. ಸೌಂಡ್ ಏರಿಸಿದರೆ ಹಳೆಯ ಟೇಪು ಕಿರ್ರೆನ್ನುತ್ತಿತ್ತು. ಬಯಲಲ್ಲಾದರೂ ಸದ್ದು ಕರಗೀತೆಂದು ಹೊರಗೆ ಅಂಗಳದಲ್ಲಿ ಹಾಕೋಣವೆಂದರೆ, ಪದ್ಧತಿಯಂತೆ ತಿಥಿ ಮುಗಿಯುವ ತನಕ ಅತ್ತೆ ಹುಚ್ಚಮ್ಮ ಹಜಾರದ ಮೂಲೆ ಬಿಟ್ಟು ಏಳುವಂತಿರಲಿಲ್ಲ.

ನಂದೀಶ ಕೋಡುಬಳೆಯ ನಡುವಿನ ಬೋಲ್ಟ್ ಬಿಗಿದ. ಗೊಯ್ಯ್. ಸಡಿಲಿಸಿದ. ಗೊಯ್ಯ್. ಬೈಕಿನ ಟ್ಯೂಬು ಕತ್ತರಿಸಿ ಅಡಿಗೆ ಹಾಸಿದ. ಮೀಟರು ಹಿಡಿದು ವೋಲ್ಟೇಜ್ ನೋಡಿದ, ಸರಿಯಾಗಿಯೇ ಇತ್ತು. ಕೊನೆಗೆ ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯಿಂದಲೇ ಎತ್ತಿ ಮಡಿಸಿದ ಕಂಬಳಿಯ ಮೇಲೆ ಮಗುವಿನಂತೆ ಮಲಗಿಸಿದ. ಅಲ್ಲೂ ಅದು ನರಳಿತು.

"ಅಯ್ಯೋ, ಅದು ಅಪ್ಪಯ್ಯನ ಕಂಬ್ಳಿ ಕಣ್ರೀ!" ಎಂದು ಸುಧಾ ಮತ್ತೆ ಅಳತೊಡಗಿದಳು. ನಂದೀಶನಿಗೂ ಅಳು ಬಂತು. ಇದೊಂದೂ ಕೈಲಾಗದಿದ್ದರೆ ಈ ಮನೆಯಲ್ಲಿ ಉಣ್ಣುವ ಅನ್ನಕ್ಕೂ ತಾನು ಲಾಯಕ್ಕಲ್ಲ ಅನ್ನಿಸಿತು.

ಹನ್ನೊಂದನೆಯ ದಿನ, ತಿಥಿಯ ಬೆಳಿಗ್ಗೆ ಸದ್ದು ಪಕ್ಕನೆ ನಿಂತಿತು. ನಾದಿನಿ ಗಂಗೆ ಬಚ್ಚಲಿನಲ್ಲಿ ನೀರು ಕಾಯಿಸುವ ಕಾಯಿಲ್ ಹೀಟರಿನ ಪ್ಲಗ್ ಕಿತ್ತಿದ್ದಳು. ಇನ್ನೊಂದು ಬಕೆಟ್ಟಿಗೆಂದು ಮತ್ತೆ ಸಿಕ್ಕಿಸಿದಳು. ಗೊಯ್ಯ್!

ನಂದೀಶನಿಗೆ ತಟ್ಟನೆ ಹೊಳೆಯಿತು. ನೀರು ಕುದ್ದು ಉಕ್ಕದಿರಲೆಂದು ಹೋದ ತಿಂಗಳು ಅದರ ವೈರಿಗೆ ಡಯೋಡ್ ಸೇರಿಸಿದ್ದವನು ಅವನೇ. ಕರೆಂಟಿನ ಅರ್ಧ ಅಲೆಯನ್ನಷ್ಟೇ ಬಿಡುವ ಪುಟ್ಟ ತುಂಡು ಅದು. ಅದರಿಂದ ಮನೆಯ ಕರೆಂಟೇ ಒಂದು ಕಡೆಗೆ ವಾಲುತ್ತಿತ್ತು. ದುಂಡು ಟ್ರಾನ್ಸ್‌ಫಾರ್ಮರಿಗೆ ಆ ವಾಲಾಟ ತಡೆಯಲಾಗದೆ ಅದು ಗೊಯ್ಯೆನ್ನುತ್ತಿತ್ತು. ಸೂತಕದ ಮನೆ, ಬಂದವರೆಲ್ಲ ಮೀಯುವವರೇ. ಹಗಲೆಲ್ಲ ಹೀಟರಿಗೆ ಬಿಡುವೇ ಇರಲಿಲ್ಲ. ಅವನು ಯಾರಿಗೂ ಕಾಣದ ಹಾಗೆ ಡಯೋಡನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. "ಲೈನಲ್ಲೇ ದೋಷ ಇತ್ತು, ಸರಿ ಮಾಡ್ದೆ" ಎಂದು ಗಂಭೀರವಾಗಿ ಘೋಷಿಸಿದ. ಸುಧಾ ಅವನತ್ತ ನೋಡಿದ ನೋಟದಲ್ಲಿ ಎಷ್ಟೋ ವರ್ಷದ ಮೇಲೆ ಒಂದಿಷ್ಟು ಗೌರವ ಕಾಣಿಸಿತು.

ಎಡೆ ಇಟ್ಟಾದ ಮೇಲೆ ನೆಂಟರೆಲ್ಲ ಹಜಾರದಲ್ಲಿ ಕೂತರು. ನಂದೀಶ ಕ್ಯಾಸೆಟ್ ಹಾಕಿದ. ಗೊಯ್ಯ್ ಇರಲಿಲ್ಲ. ಮೊದಲು ಒಂದು ಕೆಮ್ಮು ಬಂತು. ಅಷ್ಟಕ್ಕೇ ಸುಧಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಏ ಹುಚ್ಚಿ, ಇದು ಓಡ್ತಾ ಅದಾ?" ತಿಮ್ಮಯ್ಯನವರ ದನಿ ಎದುರಿಗೇ ಕೂತು ಕೇಳಿದ ಹಾಗಿತ್ತು. ಆವತ್ತು ನಂದೀಶ ಟೇಪ್ ಒತ್ತಿ, ಸ್ಟೂಲು ತರಲು ಹೊರಗೆ ಹೋಗಿದ್ದ.

"ಅಳಿಯಂದ್ರು ಮಾಡಿದ್ದಲ್ವಾ, ಓಡ್ತಿರಾಕಿಲ್ಲ ಬುಡಿ" ಎಂದಿತು ಹುಚ್ಚಮ್ಮನ ದನಿ.

"ಮೆತ್ತಗೆ ಕಣೆ. ಅವರು ಬಂದ್ರೆ ಭಾಳ ಚೆಂದಾಗದೆ ಅನ್ನು. ಅವರು ರಿಪೇರಿ ಮಾಡಿದ್ ಮಿಕ್ಸಿನ ನಾನು ಅವರಿಗ್ ಕಾಣ್ದಂಗೆ ಕುಶಾಲನಗರಕ್ಕೆ ತಕ್ಕೊಂಡೋಗಿ ಸರಿ ಮಾಡಿಸ್ಕೊಂಡ್ ಬಂದೆ. ಟಿವಿನೂ ಅಂಗೇ, ಪಂಪ್‌ಸೆಟ್ಟೂ ಅಂಗೇ. ಮನ್ಸು ಒಳ್ಳೇದು ಕಣೆ, ಕೈ ಒಂದು ಸರಿಯಿಲ್ಲ. ನಾನಿರೋಗಂಟ ಹೆಂಗೋ ನಡೀತದೆ. ಆಮೇಲೆ ಆ ಮಗಿನಂತ ಅಳಿಯಂದ್ರ ಗತಿ ಏನೋ."

ಹಜಾರದಲ್ಲಿ ಯಾರೋ ಕಿಸಕ್ಕೆಂದರು. ಮರುಕ್ಷಣ ಇಡೀ ಮನೆ ನಗತೊಡಗಿತು. ಸುಧಾ ಅಳುತ್ತಲೇ ನಗುತ್ತಿದ್ದಳು. ನಂದೀಶನಿಗೆ ಮಾವ ಸತ್ತದ್ದು ಆಗ ನಿಜವಾಗಿ ಗೊತ್ತಾಯಿತು. ನಾಚಿಕೆಯೂ ಸಂಕಟವೂ ಒಟ್ಟಿಗೇ ಉಮ್ಮಳಿಸಿ ಬಂದವು. ಟೇಪ್ ನಿಲ್ಲಿಸಲು ಕೈ ಚಾಚಿದ.

ಹನ್ನೊಂದು ದಿನದಲ್ಲಿ ಅತ್ತೆ ಬಾಯಿಬಿಟ್ಟದ್ದು ಆಗಲೇ.

"ಮುಟ್ಬ್ಯಾಡಿ ಅಳಿಯಂದ್ರೆ. ಸರಿಯಾಗಿ ಓಡ್ತಾ ಅದೆ."